ಶೀಟು ಹಿಡಿದು ಆಡಿದ ಮಾತು

ನಮ್ಮ ನಾದಿನಿಗೆ ಐವತ್ತು ದಾಟಿದೆ. ಕೂದಲು ಅರ್ಧ ಬೆಳ್ಳಗಾಗಿದೆ, ಮಂಡಿ ಆಗಾಗ ಕಿರಿಕಿರಿ ಮಾಡುತ್ತದೆ, ಆದರೂ ಮನೆಯಲ್ಲಿ ಅವಳು ಇನ್ನೂ ಪಾಪು. ಕೊನೆಯ ಮಗಳೆಂದು ನಮ್ಮತ್ತೆ ಹಾಗೆ ಕರೆಯುತ್ತಿದ್ದರು, ಅದೇ ಉಳಿದುಕೊಂಡಿತು. ನಾನು ಸೊಸೆಯಾಗಿ ಬಂದ ದಿನ ಬಾಗಿಲಲ್ಲಿ ನಿಂತಿದ್ದ ಪಾಪು ನನಗಿಂತ ಒಂದು ಗೇಣು ಎತ್ತರವಿದ್ದಳು. ಅವಳನ್ನು ಹಾಗೆ ಕರೆಯಲು ಮೊದಮೊದಲು ನನಗೆ ನಗು ಬರುತ್ತಿತ್ತು. ಈಗ ಬ್ಯಾಂಕಿನವರೋ ಇನ್ಯಾರೋ ಫೋನ್ ಮಾಡಿ ಅವಳ ನಿಜವಾದ ಹೆಸರು ಹೇಳಿ ಕೇಳಿದರೆ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎನ್ನುವಷ್ಟರಲ್ಲಿ ನೆನಪಾಗುತ್ತದೆ.

ನಮ್ಮದು ಲಾಂಡ್ರಿ. ಮುಂದೆ ಕೌಂಟರು, ಅದರ ಹಿಂದೆ ಒಗೆಯುವ ಮತ್ತು ಒಣಗಿಸುವ ಮೆಷಿನ್ನುಗಳು, ಅದಕ್ಕೂ ಹಿಂದೆ ಉದ್ದನೆಯ ಮಡಿಸುವ ಕೋಣೆ, ಮೇಲೆ ಮನೆ. ಅಂಗಿ, ಕೋಟು ತರುವ ಗಿರಾಕಿಗಳೂ ಇದ್ದಾರೆ. ಆದರೆ ಹೊಟ್ಟೆ ತುಂಬಿಸುವುದು ಬೆಡ್‌ಶೀಟುಗಳು. ಒಂದು ಹೋಟೆಲು, ಒಂದು ಹೆರಿಗೆ ಆಸ್ಪತ್ರೆ, ಹೆಂಗಸರ ಒಂದು ಹಾಸ್ಟೆಲು, ಇಷ್ಟು ಕಡೆಯ ಶೀಟುಗಳು ನಮ್ಮಲ್ಲಿಗೆ ಬರುತ್ತವೆ. ನಮ್ಮವರು ವ್ಯಾನಿನಲ್ಲಿ ಕೊಳೆಯಾದದ್ದನ್ನು ತಂದು ಹಾಕುತ್ತಾರೆ, ಮಡಿಸಿದ್ದನ್ನು ಕೊಂಡೊಯ್ಯುತ್ತಾರೆ. ನಡುವಿನದೆಲ್ಲ ನಾನು ಮತ್ತು ಪಾಪು. ಏನಾದರೂ ತೀರ್ಮಾನ ಮಾಡಬೇಕೆಂದರೆ ನಮ್ಮವರು "ನೀವಿಬ್ರೂ ಮಾತಾಡ್ಕೊಳ್ಳಿ" ಎಂದು ವ್ಯಾನಿನ ಕೀ ತೆಗೆದುಕೊಂಡು ಹೊರಟುಬಿಡುತ್ತಾರೆ. ಈ ಮನುಷ್ಯನಿಗೆ ಬಿ.ಪಿ. ಯಾಕಿಲ್ಲ ಎನ್ನುವುದಕ್ಕೆ ಡಾಕ್ಟರನ್ನು ಕೇಳಬೇಕಾಗಿಲ್ಲ.

ಹೋಟೆಲಿನ ದೊಡ್ಡ ಶೀಟನ್ನು ಒಬ್ಬರೇ ಮಡಿಸಲು ಬರುವುದಿಲ್ಲ. ಮಡಿಸಬಹುದು, ಆದರೆ ಅದು ಮಡಿಸಿದ ಹಾಗಿರುವುದಿಲ್ಲ, ಮುದುರಿದ ಹಾಗಿರುತ್ತದೆ. ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು. ಸ್ವಲ್ಪ ಹಿಂದಕ್ಕೆ ವಾಲಿ ಒಮ್ಮೆ ಜಗ್ಗಬೇಕು, ಆಗ ಸುಕ್ಕು ಬಿಡುತ್ತದೆ. ಉದ್ದಕ್ಕೆ ಮಡಿಸಿ, ಮತ್ತೊಮ್ಮೆ ಮಡಿಸಿ, ಆಮೇಲೆ ಇಬ್ಬರೂ ನಡೆದು ಬಂದು ನಡುವೆ ಸೇರಬೇಕು. ಪಾಪು ತನ್ನ ಕೈಯ ಮೂಲೆಗಳನ್ನು ನನ್ನ ಕೈಗೆ ಕೊಟ್ಟು, ಕೆಳಗೆ ಜೋತುಬಿದ್ದ ಮಡಿಕೆಯನ್ನು ಬಗ್ಗಿ ಹಿಡಿದುಕೊಂಡು ಮೇಲೇಳುತ್ತಾಳೆ. ಆ ಹೊತ್ತಿಗೆ ಮುಖಕ್ಕೆ ಮುಖ ಹತ್ತಿರ ಬಂದಿರುತ್ತದೆ. ಮುಖ ಊದಿಸಿಕೊಂಡು ಈ ಕೆಲಸ ಮಾಡಲಾಗುವುದಿಲ್ಲ. ನಾನು ಬೇಕಾದಷ್ಟು ಸಲ ಪ್ರಯತ್ನಪಟ್ಟು ನೋಡಿದ್ದೇನೆ.

ಈ ಕೋಣೆಗೆ ನಮ್ಮತ್ತೆ ಒಂದು ಕಾನೂನು ಮಾಡಿದ್ದರು. ನಾನು ಬಂದ ಹೊಸತರಲ್ಲಿ, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಸೊಸೆಯನ್ನು ನೋಡಿ ಅವರು ಹೇಳಿದ್ದರು: "ಶೀಟು ಹಿಡ್ಕೊಂಡಿರೋವಾಗ ಏನ್ ಬೇಕಾದ್ರೂ ಅನ್ನು. ಮಡಿಸಿ ಇಟ್ಟ ಮೇಲೆ ಮುಗೀತು. ಇಲ್ಲಿ ಆಡಿದ್ದನ್ನ ಈ ಬಾಗಿಲು ದಾಟಿಸ್ಬಾರ್ದು, ಇನ್ನೊಂದು ದಿನ ಎತ್ತಲೂಬಾರ್ದು." ಎಂಥ ಬುದ್ಧಿವಂತೆ ಎಂದುಕೊಂಡಿದ್ದೆ. ಅವರ ಅಡುಗೆ, ಅವರ ಮಗನ ಗೊರಕೆ, ಪಾಪು ಸ್ನಾನಕ್ಕೆ ಹೋದರೆ ಹೊರಗೆ ಬರದಿರುವುದು, ಎಲ್ಲವನ್ನೂ ನಾನು ಶೀಟು ಹಿಡಿದು ಆಡಿ ಮುಗಿಸಿದ್ದೇನೆ. ಮೇಲೆ ಊಟಕ್ಕೆ ಕೂತಾಗ ಯಾರ ಮನಸ್ಸಿನಲ್ಲೂ ಏನೂ ಇರುತ್ತಿರಲಿಲ್ಲ, ಕನಿಷ್ಠ ನನ್ನ ಮನಸ್ಸಿನಲ್ಲಿ. ಅತ್ತೆ ಹೋಗಿ ಎಷ್ಟೋ ವರ್ಷವಾದರೂ ನಾನೂ ಪಾಪುವೂ ಆ ಕಾನೂನು ಮುರಿದಿಲ್ಲ.

ಇನ್ನು ಭಾಷೆಯ ವಿಷಯ. ನಾಲ್ಕು ವರ್ಷದ ಹಿಂದೆ ಪಾಪು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇಸ್ತ್ರಿ ಮಾಡಲು ಶುರುಮಾಡಿದಳು. ಹಾಡು ಕೇಳುತ್ತಾಳೆ ಎಂದುಕೊಂಡೆ. ಒಂದು ದಿನ ನೋಡಿದರೆ ತುಟಿ ಅಲ್ಲಾಡುತ್ತಿದೆ, ಇಸ್ತ್ರಿಪೆಟ್ಟಿಗೆಗೆ ಏನೋ ಹೇಳುತ್ತಿದ್ದಾಳೆ, ಅದೂ ತುಂಬ ವಿನಯದಿಂದ. ಕೇಳಿದಾಗ ನಾಚಿಕೊಂಡು ಹೇಳಿದಳು. ಹೋಟೆಲಿಗೆ ಶೀಟು ಕೊಡಲು ಹೋಗಿದ್ದಾಗ ಹೊರದೇಶದ ಹೆಂಗಸೊಬ್ಬಳು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಳಂತೆ. ಬೈಗುಳ ಇಷ್ಟು ಚೆನ್ನಾಗಿ ಕೇಳಿಸಬಹುದೇ ಎಂದು ಇವಳು ಅದು ಮುಗಿಯುವವರೆಗೂ ಕಂಬದ ಹಾಗೆ ನಿಂತಿದ್ದಳಂತೆ. ಯಾವ ಭಾಷೆ ಎಂದು ವಿಚಾರಿಸಿಕೊಂಡು ಬಂದು ಕಲಿಯಲು ಕೂತಳು. ಮೊದಲು ಫೋನಿನಲ್ಲಿ, ಆಮೇಲೆ ವಾರಕ್ಕೊಮ್ಮೆ ಕಂಪ್ಯೂಟರಿನಲ್ಲಿ ಒಬ್ಬ ಮುದುಕ ಮೇಷ್ಟ್ರ ಹತ್ತಿರ. ಪಾಠದ ನಡುವೆ ಅವರ ಬೆಕ್ಕು ಬಂದು ಕೀಬೋರ್ಡಿನ ಮೇಲೆ ಮಲಗುತ್ತಿತ್ತು. ಬೆಕ್ಕಿಗೂ ಇವಳು ಅದೇ ಭಾಷೆಯಲ್ಲಿ ನಮಸ್ಕಾರ ಹೇಳುತ್ತಿದ್ದಳು.

ಇದರಿಂದ ಉಪಯೋಗವೇನು ಎಂದು ಕೇಳದವರಿಲ್ಲ. ನಾನೂ ಕೇಳಿದ್ದೆ. "ಏನೂ ಇಲ್ಲ ಅತ್ತಿಗೆ, ಇಷ್ಟ" ಎನ್ನುತ್ತಿದ್ದಳು. ಇಷ್ಟ ಎನ್ನುವುದಕ್ಕೂ ಒಂದು ಕಾರಣ ಬೇಡವೇ ಎಂದು ನನಗೆ ತಲೆ ಬಿಸಿಯಾಗುತ್ತಿತ್ತು. ನನಗೆ ಇಷ್ಟವಾದದ್ದಕ್ಕೆಲ್ಲ ನಾನು ಕಾರಣ ಕೊಟ್ಟೇ ಬಂದವಳು.

ಒಂದು ಮಧ್ಯಾಹ್ನ ಹೋಟೆಲಿನ ಶೀಟು ಮಡಿಸುತ್ತಿದ್ದೆವು. ಆಗಷ್ಟೇ ಡ್ರೈಯರಿನಿಂದ ತೆಗೆದ ಬಟ್ಟೆ, ಕೈಗೆ ಬೆಚ್ಚಗಿತ್ತು. ಆ ತುದಿಯಿಂದ ಪಾಪು ಕೇಳಿದಳು.

"ಅತ್ತಿಗೆ, ನಾನೊಂದು ತಿಂಗಳು ಹೋಗ್ಬರ್ಲಾ?"

"ಎಲ್ಲಿಗೆ?"

"ಆ ದೇಶಕ್ಕೆ. ಅಲ್ಲೊಂದು ಶಾಲೆ ಇದೆ, ದೊಡ್ಡೋರಿಗೆ ಅಂತಾನೇ ಇರೋದು. ಬೆಳಗ್ಗೆ ಪಾಠ ಮಾಡ್ತಾರೆ, ಮಧ್ಯಾಹ್ನ ಊರಲ್ಲಿ ಸುತ್ತಾಡಿ ಮಾತಾಡ್ಬೇಕು. ಅಲ್ಲಿಯೋರ ಮನೇಲೇ ಒಂದು ರೂಮು ಕೊಡ್ತಾರೆ. ಮೇಷ್ಟ್ರು ಹೇಳಿದ್ರು, ಇಲ್ಲಿ ಕೂತು ಇನ್ನೂ ಹತ್ತು ವರ್ಷ ಕಲಿತ್ರೂ ನೀನು ಇಸ್ತ್ರಿಪೆಟ್ಟಿಗೆ ಹತ್ರಾನೇ ಮಾತಾಡ್ತಿರ್ತೀಯ ಅಂತ."

"ಅಲ್ಲಿ ಹೋಗಿ ಯಾರ ಹತ್ರ ಮಾತಾಡ್ತೀಯ?"

"ಗೊತ್ತಿಲ್ಲ. ಬಸ್ಸಲ್ಲಿ ಪಕ್ಕದಲ್ಲಿ ಕೂತೋರ ಹತ್ರ."

ದುಡ್ಡಿನ ಚಿಂತೆ ಇರಲಿಲ್ಲ, ಅವಳದೇ ಇತ್ತು. ಈ ವಯಸ್ಸಿನವರೆಗೆ ಅವಳು ನನ್ನ ಹತ್ತಿರ ಏನನ್ನೂ ಕೇಳಿರಲಿಲ್ಲ. ಅದು ನೆನಪಾಗಿ ನನಗೆ ಎಲ್ಲಿಲ್ಲದ ಔದಾರ್ಯ ಬಂದುಬಿಟ್ಟಿತು.

"ಹೋಗ್ಬಾ ಮಾರಾಯ್ತಿ, ಯಾರು ಬೇಡ ಅಂದ್ರು? ಒಂದು ತಿಂಗಳು ತಾನೆ, ಆಕಾಶವೇನೂ ಕಳಚಿ ಬೀಳಲ್ಲ" ಎಂದೆ.

ಅವಳು ನಡೆದು ಬಂದು ಮೂಲೆಗಳನ್ನು ನನ್ನ ಕೈಗಿಟ್ಟಳು. "ಹೂಂ" ಎಂದಳು. ಬಗ್ಗಿ ಮಡಿಕೆ ಹಿಡಿದಳು, ಶೀಟನ್ನು ರಾಶಿಯ ಮೇಲಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ನನಗೆ ಸ್ವಲ್ಪ ನಿರಾಸೆಯಾಯಿತು. ಕುಣಿದಾಡದಿದ್ದರೂ ಒಂದು ನಗುವಾದರೂ ಬರಬಹುದಿತ್ತು.

ಮರುದಿನ ಏನಾದರೂ ಹೇಳುತ್ತಾಳೆ ಎಂದು ಕಾದೆ. ಯಾವಾಗ ಹೊರಡುವುದು, ಟಿಕೆಟ್ಟು, ವೀಸಾ, ಒಂದೂ ಇಲ್ಲ. ಅದರ ಮರುದಿನವೂ ಇಲ್ಲ. ನಾನೇ ಬಾಯಿಬಿಟ್ಟು ಕೇಳಲು ಬಿಗುಮಾನ ಅಡ್ಡ ಬರುತ್ತಿತ್ತು. ಸುತ್ತು ಬಳಸಿ, "ಅಲ್ಲೀಗ ತುಂಬಾ ಚಳಿ ಇರುತ್ತಾ?" ಎಂದೆ ಊಟದ ಹೊತ್ತಿಗೆ. "ಎಲ್ಲಿ?" ಎಂದಳು, ಏನೂ ಗೊತ್ತಿಲ್ಲದವಳ ಹಾಗೆ. ನಾನು ಬಾಯಿಗೆ ತುತ್ತು ತುರುಕಿಕೊಂಡೆ. ಒಪ್ಪಿಗೆ ಪಡೆದ ಮೇಲೆ ನಮ್ಮ ಹಂಗೇಕೆ ಎಂದು ಒಳಗೊಳಗೇ ಎಲ್ಲ ಸಿದ್ಧ ಮಾಡಿಕೊಳ್ಳುತ್ತಿದ್ದಾಳೆ, ಹೊರಡುವ ಹಿಂದಿನ ದಿನ ಹೇಳುತ್ತಾಳೆ ಎಂದು ನಾನೇ ಲೆಕ್ಕ ಹಾಕಿ, ನಾನೇ ಸಿಟ್ಟು ಮಾಡಿಕೊಂಡೆ.

ಸಿಟ್ಟು ಬಂದರೂ ಕೆಲಸ ಬಿಡುವವಳಲ್ಲ ನಾನು. ಒಂದು ತಿಂಗಳು ಶೀಟಿನ ಆ ತುದಿ ಹಿಡಿಯಲು ಯಾರಾದರೂ ಬೇಕಲ್ಲ. ಬೀದಿಯ ಕೊನೆಯ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುವ ಹೆಂಗಸು ಮಧ್ಯಾಹ್ನ ಬಿಡುವಾಗಿರುತ್ತೇನೆ ಎಂದಿದ್ದಳು. ಅವಳನ್ನು ಕರೆದುಕೊಂಡು ಬಂದು ಪಾಪುವಿನ ಮುಂದೆ ನಿಲ್ಲಿಸಿ, "ಇವರಿಗೆ ಮಡಿಸೋದು ಹೇಳ್ಕೊಡು" ಎಂದೆ. ಯಾಕೆಂದು ಹೇಳಲಿಲ್ಲ. ಯಾಕೆಂದು ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಎಂದುಕೊಂಡೆ. ಪಾಪುವಿನ ಮುಖ ಸಪ್ಪಗಾಯಿತು. ಆದರೂ ಗುಂಡಿಯವಳಿಗೆ ಮೂಲೆ ಹಿಡಿಯುವುದು, ಜಗ್ಗುವುದು, ಅಂಚು ಕೂಡಿಸುವುದು ಎಲ್ಲ ಅಚ್ಚುಕಟ್ಟಾಗಿ ಹೇಳಿಕೊಟ್ಟಳು. ಅವಳು ಬೇಗ ಕಲಿತಳು. ಅದನ್ನು ನಾನು ಬಾಯಿ ತುಂಬ ಹೊಗಳಿದೆ, ಪಾಪು ಕೇಳಿಸಿಕೊಳ್ಳಲಿ ಎಂದೇ ಹೊಗಳಿದೆ. ಕೆಲಸದ ಚಿಂತೆಯಿಲ್ಲದೆ ಹೋಗಲಿ ಎನ್ನುವುದು ನನ್ನ ಉದ್ದೇಶ. ಪಾಪು ಅಂದು ಊಟ ಮಾಡದೆ ಮೇಲೆ ಹೋಗಿ ಮಲಗಿದಳು. ಮಂಡಿ ನೋವೆಂದಳು.

ಆ ಗುರುವಾರ ಹೋಟೆಲಿನಲ್ಲಿ ಶೀಟಿನ ಕಲೆಯ ಬಗ್ಗೆ ಏನೋ ತಕರಾರು ಬಂತು. ನಮ್ಮವರ ಜೊತೆ ನಾನೂ ವ್ಯಾನಿನಲ್ಲಿ ಹೋದೆ. ಅಲ್ಲಿ ಬಟ್ಟೆಬರೆ ನೋಡಿಕೊಳ್ಳುವ ಮೇಲ್ವಿಚಾರಕಿ ಒಳ್ಳೆಯ ಹೆಂಗಸು, ಪಾಪುವಿನ ಜೊತೆ ಸಲಿಗೆ ಜಾಸ್ತಿ. ಕಲೆಯ ಪಂಚಾಯಿತಿ ಮುಗಿದ ಮೇಲೆ ಅವಳು ದನಿ ತಗ್ಗಿಸಿ ಹೇಳಿದಳು.

"ಪಾಪ, ಕಳಿಸ್ಕೊಡ್ಬಹುದಿತ್ತು ನೀವು."

"ಯಾರನ್ನ?"

"ನಿಮ್ಮ ನಾದಿನೀನ. ಬರ್ತೀನಿ ಅಂತ ಆ ಶಾಲೆಗೆ ನಾಳೆ ಒಳಗೆ ಬರೀಬೇಕಂತೆ. ಮನೇಲಿ ಒಪ್ಪಿಗೆ ಇಲ್ಲ, ಬರೆಯೋಕೆ ಹೋಗಲ್ಲ ಅಂದ್ರು."

"ಒಪ್ಪಿಗೆ ಇಲ್ಲ ಅಂತ ಅವಳೇ ಅಂದ್ಲಾ?"

"ಅತ್ತಿಗೆ ಏನೂ ಹೇಳ್ಲಿಲ್ಲ ಅಂದ್ರು. ಅಂದ್ರೆ ಅದೇ ತಾನೆ?"

ನನಗೆ ನೆತ್ತಿಯವರೆಗೆ ಉರಿ ಹತ್ತಿತು. ನಾನು ಹೂಂ ಎಂದಿದ್ದೇನೆ, ಬಾಯಿ ತುಂಬ ಎಂದಿದ್ದೇನೆ, ಜನ ಹುಡುಕಿ ತಂದಿದ್ದೇನೆ. ಇವಳು ಊರ ತುಂಬ ನನ್ನನ್ನು ಗಯ್ಯಾಳಿ ಅತ್ತಿಗೆ ಮಾಡಿಕೊಂಡು ತಿರುಗುತ್ತಿದ್ದಾಳೆ. ಗಯ್ಯಾಳಿ ನಿಜ, ಆದರೆ ಮಾಡದ ತಪ್ಪಿಗಲ್ಲ. ವಾಪಸ್ ಬರುವಾಗ ನಮ್ಮವರು ಒಮ್ಮೆ ನನ್ನ ಮುಖ ನೋಡಿ ರೇಡಿಯೋ ಹಾಕಿಕೊಂಡರು. ನನ್ನನ್ನು ಲಾಂಡ್ರಿಯ ಮುಂದೆ ಇಳಿಸಿ, ಆಸ್ಪತ್ರೆಯ ಗಂಟುಗಳನ್ನು ತರುತ್ತೇನೆಂದು ಅಲ್ಲಿಂದಲೇ ವ್ಯಾನು ತಿರುಗಿಸಿದರು.

ಪಾಪು ಮಡಿಸುವ ಕೋಣೆಯಲ್ಲಿದ್ದಳು. ಗುಂಡಿಯವಳು ಇನ್ನೂ ಬಂದಿರಲಿಲ್ಲ. ನನ್ನ ಕಾಲ ಸಪ್ಪಳ ಕೇಳಿದ್ದೇ ಒಂದು ಶೀಟಿನ ಎರಡು ಮೂಲೆ ನನ್ನ ಕಡೆ ಚಾಚಿದಳು, ಬೈಯುವುದಿದ್ದರೆ ಬೈದುಕೊಳ್ಳಿ ಎನ್ನುವ ಹಾಗೆ.

"ಕೆಳಗಿಡು ಅದನ್ನ" ಎಂದೆ. "ಮೇಲೆ ಬಾ."

ಅಡುಗೆಮನೆಯಲ್ಲಿ ಮೇಜಿನ ಆಚೆ ಅವಳು, ಈಚೆ ನಾನು ಕೂತೆವು. ಟೀ ಮಾಡಲೂ ನನಗೆ ತಾಳ್ಮೆ ಇರಲಿಲ್ಲ.

"ನಾನು ಬೇಡ ಅಂದ್ನಾ?"

"ಇಲ್ಲ."

"ಹೋಗ್ಬಾ ಅಂದ್ನೋ ಇಲ್ವೋ?"

"ಅಂದ್ರಿ." ಅವಳು ಮೇಜಿನ ಮೇಲಿನ ನೀರಿನ ಹನಿಯನ್ನು ಬೆರಳಲ್ಲಿ ಒರೆಸಿದಳು. "ಅದು ಶೀಟಿನ ಮಾತಲ್ವಾ ಅತ್ತಿಗೆ."

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಇನ್ನೂ ಸಿಟ್ಟು ಬಂತು. "ಅದು ಬೈಗುಳಕ್ಕೆ ಮಾಡಿದ ಕಾನೂನು ಕಣೇ. ಒಳ್ಳೆ ಮಾತಿಗೆ ಯಾರಾದ್ರೂ ಕಾನೂನು ಮಾಡ್ತಾರಾ?"

"ನಿಮಗೆ ಬೈಗುಳಕ್ಕೆ. ನನಗೆ ಎಲ್ಲದಕ್ಕೂ."

ಆಮೇಲೆ ಅವಳು ಹೇಳಿದಳು. ನಾನು ಈ ಮನೆಗೆ ಬರುವುದಕ್ಕೆ ಮುಂಚೆ ಅಮ್ಮನ ಎದುರಿಗೆ ಶೀಟಿನ ಆ ತುದಿಯಲ್ಲಿ ನಿಲ್ಲುತ್ತಿದ್ದವಳು ಅವಳೇ. ಕಾನೂನು ಆಗಲೇ ಇತ್ತು. ಶಾಲೆಯವರು ಸಮುದ್ರ ನೋಡಲು ಕರೆದುಕೊಂಡು ಹೋಗುತ್ತಾರೆ, ಹೋಗಲಾ ಎಂದು ಶೀಟು ಹಿಡಿದು ಕೇಳಿದ್ದಳು. ಅಮ್ಮ ಹೂಂ ಎಂದರು. ಹೊರಡುವ ದಿನ ಚೀಲ ತುಂಬಿಕೊಂಡು ನಿಂತಾಗ, ಅದು ಶೀಟು ಹಿಡಿದು ಆಡಿದ್ದು, ಈಗ ಯಾಕೆ ಎತ್ತುತ್ತೀಯ ಎಂದರು. ಸೈಕಲ್ಲಿಗೂ ಹಾಗೆಯೇ ಆಯಿತು. ಟೀಚರ್ ಟ್ರೈನಿಂಗಿಗೆ ಸೇರುತ್ತೇನೆ ಎಂದಾಗಲೂ ಹಾಗೆಯೇ.

"ಅಮ್ಮ ಯಾವತ್ತೂ ಇಲ್ಲ ಅನ್ಲಿಲ್ಲ ಅತ್ತಿಗೆ" ಎಂದಳು ಪಾಪು. "ಎಲ್ಲಕ್ಕೂ ಹೂಂ ಅಂದ್ಲು. ಅದಕ್ಕೇ ನನಗೆ ಜಗಳ ಆಡೋಕೂ ಆಗ್ಲಿಲ್ಲ."

ಅಳುತ್ತಿರಲಿಲ್ಲ ಅವಳು, ಬಿಲ್ಲು ಓದಿದ ಹಾಗೆ ಹೇಳಿದಳು. ಅಳು ಬಂದದ್ದು ನನಗೆ. ಇಷ್ಟು ವರ್ಷ ಎಂಥ ಬುದ್ಧಿವಂತೆ ಎಂದು ಆ ಅತ್ತೆಯನ್ನು ಕಂಡಕಂಡವರ ಮುಂದೆ ಹೊಗಳಿದ್ದೆನಲ್ಲ, ಆ ಹೊಗಳಿಕೆಯನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕೆನಿಸಿತು. ನನ್ನ ಸಿಟ್ಟಿಗೆ ಬಾಗಿಲಾದ ಕಾನೂನು ಇವಳ ಆಸೆಗಳಿಗೆಲ್ಲ ಬೀಗ ಹಾಕಿತ್ತು.

"ಮತ್ತೆ ನೀನು ಅಲ್ಲೇ ಯಾಕೆ ಕೇಳಿದೆ? ಇಲ್ಲಿ ಕೇಳ್ಬಹುದಿತ್ತಲ್ಲ" ಎಂದೆ.

"ಅಲ್ಲಿ ಕೇಳಿ ಅಭ್ಯಾಸ. ನೀವು ಹೂಂ ಅಂದ್ರಿ. ನಿಜವಾದ್ರೆ ಮೇಲೆ ಬಂದು ಇನ್ನೊಂದ್ಸಲ ಹೇಳ್ತೀರ ಅಂತ ಕಾದೆ. ನೀವು ಹೇಳ್ಲಿಲ್ಲ. ಆಮೇಲೆ ಆ ಗುಂಡಿಯವಳನ್ನ ಕರ್ಕೊಂಡು ಬಂದ್ರಿ. ನನ್ನ ಮಂಡಿ ಕೈಕೊಟ್ಟಿದೆ, ಇನ್ನು ಈ ಕೆಲಸಕ್ಕೂ ಬೇಡ ಅಂತ ಅಂದ್ಕೊಂಡೆ."

"ಅಯ್ಯೋ ಪೆದ್ದೆ, ಅವಳನ್ನ ನಿನ್ನ ಒಂದು ತಿಂಗಳಿಗೆ ಅಂತ ಕರ್ಸಿದ್ದು."

"ಅದನ್ನ ಹೇಳ್ಬೇಕಿತ್ತಲ್ಲ."

ಹೇಳಬೇಕಿತ್ತು. ದಿನಕ್ಕೆ ಇಷ್ಟು ಮಾತಾಡುವ ನಾನು ಅದೊಂದನ್ನು ಬಿಟ್ಟಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ಕಣ್ಣು ಕಣ್ಣು ಬಿಟ್ಟುಕೊಂಡು ನೋಡಿದೆವು.

"ಸರಿ. ಈಗ ಇಲ್ಲಿ ಹೇಳ್ತೀನಿ, ಕೇಳು" ಎಂದು ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡು ನೆಟ್ಟಗೆ ಕೂತೆ. ಬಾಯಿ ತೆರೆದೆ.

ಮಾತು ಬರಲಿಲ್ಲ. ಹೋಗು ಎನ್ನುವುದೇನು ದೊಡ್ಡ ಮಾತೇ, ಅಂದು ನೀರು ಕುಡಿದಷ್ಟು ಸಲೀಸಾಗಿ ಬಂದಿತ್ತು. ಇಂದು ಕೈಯಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಮೇಜಿನ ಆಚೆ ಅವಳು ಕನ್ನಡಕದೊಳಗಿನಿಂದ ನನ್ನನ್ನೇ ನೋಡುತ್ತಿದ್ದಾಳೆ, ನಾನು ಆಡಿದರೆ ಈ ಸಲ ಅದು ಆಗಿಯೇ ಹೋಗುತ್ತದೆ. ಆಗ ನನಗೆ ನನ್ನ ಔದಾರ್ಯದ ಬಂಡವಾಳ ತಿಳಿಯಿತು. ಅಂದು ಹೂಂ ಎಂದಾಗ ಮನಸ್ಸಿನ ಯಾವುದೋ ಮೂಲೆಯಲ್ಲಿ, ಇದು ನಿಲ್ಲುವ ಮಾತಲ್ಲ ಎಂದು ನನಗೂ ಗೊತ್ತಿತ್ತೇನೋ. ಅತ್ತೆಯನ್ನು ಬೈದುಕೊಳ್ಳುತ್ತಾ ಕೂತ ನಾನೂ ಅವರ ಶಾಲೆಯಲ್ಲೇ ಪಾಸಾದವಳು.

"ನೋಡಿದ್ರಾ" ಎಂದಳು ಪಾಪು, ಮೆಲ್ಲಗೆ. ಅವಳಿಗೆ ಆಶ್ಚರ್ಯವೂ ಆಗಿರಲಿಲ್ಲ. ಎದ್ದು ಹೋಗಲು ಕುರ್ಚಿ ಹಿಂದಕ್ಕೆ ಸರಿಸಿದಳು.

"ಕೂತ್ಕೋ" ಎಂದೆ. "ನನಗೆ ಭಯ ಆಗ್ತಿದೆ."

ಅವಳು ಕೂತಳು.

"ಕೆಲಸದ್ದಲ್ಲ. ಶೀಟಿನ ಆ ತುದಿ ಯಾರು ಬೇಕಾದ್ರೂ ಹಿಡೀತಾರೆ, ಆ ಗುಂಡಿಯವಳು ನಿನಗಿಂತ ಚೆನ್ನಾಗೇ ಜಗ್ಗುತ್ತಾಳೆ. ನೀನು ಅಲ್ಲಿ ಹೋಗ್ತೀಯ. ಯಾರದೋ ಮನೇಲಿ ಬೆಳಗ್ಗೆ ಎದ್ದು ಬರ್ತೀಯ. ಅವರು ನಿನ್ನ ಪೂರ್ತಿ ಹೆಸರು ಹಿಡಿದು ಕರೀತಾರೆ, ಕುರ್ಚಿ ಕೊಡ್ತಾರೆ, ಏನು ತಿಂತೀರಿ ಅಂತ ಕೇಳ್ತಾರೆ. ಇಲ್ಲಿ ನಿನ್ನನ್ನ ಹಾಗೆ ಯಾರೂ ಕೇಳಿಲ್ಲ. ಒಂದು ತಿಂಗಳು ಆದ್ಮೇಲೆ ನಿನಗೆ ಅನ್ಸುತ್ತೆ, ಅಯ್ಯೋ, ಆ ಮನೇಲಿ ನಾನು ಯಾಕೆ ಇಷ್ಟು ವರ್ಷ ಪಾಪು ಆಗಿದ್ದೆ ಅಂತ. ನೀನು ವಾಪಸ್ ಬಂದ್ರೂ ಬಂದಿರಲ್ಲ. ನನಗೆ ಈ ಮನೇಲಿ ಮಾತಾಡೋಕೆ ಇರೋದು ನೀನೊಬ್ಬಳು. ನಿಮ್ಮಣ್ಣನ ಹತ್ರ ಮಾತಾಡೋದೂ ಒಂದೇ, ಆ ಡ್ರೈಯರ್ ಹತ್ರ ಮಾತಾಡೋದೂ ಒಂದೇ."

ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಹೇಳಿ ಮುಗಿಸಿದಾಗ ಎದೆಯಿಂದ ಒದ್ದೆ ಬಟ್ಟೆಯ ಗಂಟೊಂದನ್ನು ಕೆಳಗಿಳಿಸಿದ ಹಾಗಾಯಿತು. ಇಷ್ಟು ದಿನ ಸಿಟ್ಟು ಎಂದುಕೊಂಡು ಹೊತ್ತು ತಿರುಗಿದ್ದು ಸಿಟ್ಟೇ ಆಗಿರಲಿಲ್ಲ.

ಕೆಳಗೆ ಮೆಷಿನ್ನು ತಿರುಗುವುದು ನಿಂತು, ನೀರು ಹೊರಗೆ ಹೋಗುವ ಸದ್ದು ಕೇಳಿಸುತ್ತಿತ್ತು.

"ಹಾಗಾದ್ರೆ ಬೇಡ ಅಂತೀರಾ?" ಎಂದಳು.

"ಬೇಡ ಅಂತಾನೂ ಅನ್ನಲ್ಲ, ಹೂಂ ಅಂತಾನೂ ಅನ್ನಲ್ಲ. ನಿನಗೆ ಐವತ್ತು ದಾಟಿದೆ. ನಿನ್ನ ದುಡ್ಡು, ನಿನ್ನ ಭಾಷೆ. ಒಪ್ಪಿಗೆ ಕೊಡೋಕೆ ನಾನ್ಯಾರು? ನನಗೆ ಭಯ ಆಗುತ್ತೆ ಅನ್ನೋದು ನನ್ನ ಪಾಡು, ಅದನ್ನ ನಾನು ನೋಡ್ಕೋತೀನಿ. ಹೋಗೋದು ಬಿಡೋದು ನೀನೇ ಹೇಳ್ಬೇಕು."

ಇದಕ್ಕೆ ಅವಳು ಹೆದರಿದಷ್ಟು ಅದುವರೆಗೆ ಯಾವುದಕ್ಕೂ ಹೆದರಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಮುಖ ಉಜ್ಜಿಕೊಂಡಳು.

"ಒಂದು ನಿಜ ಹೇಳ್ಲಾ ಅತ್ತಿಗೆ? ನೀವು ಬೇಡ ಅಂದಿದ್ರೆ ನನಗೂ ಸ್ವಲ್ಪ ನೆಮ್ಮದಿ ಆಗ್ತಿತ್ತು. ಅಲ್ಲಿ ಹೋಗಿ ಬಾಯೇ ಬರದೆ ಹೋದ್ರೆ? ಆ ಬೆಕ್ಕು ಬಿಟ್ರೆ ಇನ್ಯಾರಿಗೂ ನನ್ನ ಮಾತು ಅರ್ಥ ಆಗದೆ ಹೋದ್ರೆ? ನಮ್ಮತ್ತಿಗೆ ಬಿಡಲಿಲ್ಲ, ಇಲ್ಲಾಂದ್ರೆ ನಾನು ಚೆನ್ನಾಗಿ ಮಾತಾಡ್ತಿದ್ದೆ ಅಂತ ಇಲ್ಲೇ ಇದ್ದುಬಿಡಬಹುದಿತ್ತು."

"ಎಲಾ ಇವಳಾ. ನನ್ನ ಹೆಸರಲ್ಲಿ ನೆಮ್ಮದಿ ಮಾಡ್ಕೊಳ್ಳೋಕೆ ಹೊರಟಿದ್ಯಾ?"

"ಹೂಂ" ಎಂದು ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಆ ನಗು ನೋಡಿದೆ. ನಾನೂ ನಕ್ಕೆ. ಇಬ್ಬರೂ ನಮಗೆ ನಾವೇ ಬೀಗ ಹಾಕಿಕೊಂಡು, ಕೀ ಇನ್ನೊಬ್ಬಳ ಹತ್ತಿರವಿದೆ ಎಂದು ಕಾಯುತ್ತಿದ್ದೆವು.

ನಾನು ಎದ್ದು ಟೀಗೆ ನೀರಿಟ್ಟೆ. ನೀರು ಕುದಿ ಬರುವ ಹೊತ್ತಿಗೆ ಅವಳು ಕನ್ನಡಕ ಹಾಕಿಕೊಂಡು, "ಹೋಗ್ತೀನಿ" ಎಂದಳು. ಸಕ್ಕರೆ ಕಡಿಮೆ ಹಾಕಿ ಎನ್ನುವ ದನಿಯಲ್ಲೇ ಎಂದಳು. ನಾನು ಬೆನ್ನು ಹಾಕಿ ನಿಂತಿದ್ದೆ. ಮನಸ್ಸು ಹಗುರವಾಯಿತು. ಬಿಗಿ ಚಪ್ಪಲಿ ಕಳಚಿಟ್ಟಾಗ ಕಾಲಿಗೆ ಹೇಗಾಗುತ್ತದೋ ಹಾಗೆ.

ಅವಳು ಫೋನು ತೆಗೆದು ಶಾಲೆಗೆ ಬರೆಯಲು ಕೂತಳು, ಆ ಭಾಷೆಯಲ್ಲೇ. ಒಂದೊಂದೇ ಬೆರಳಿನಿಂದ ಒತ್ತುತ್ತಾ, ಅಳಿಸುತ್ತಾ, ತುಟಿ ಅಲ್ಲಾಡಿಸುತ್ತಾ ಬರೆದಳು. ನನ್ನ ಟೀ ಮುಗಿಯಿತು, ಅವಳದು ಆರಿತು.

"ಏನಂತ ಬರೆದೆ?"

"ಬರ್ತೀನಿ ಅಂತ."

"ಅದಕ್ಕೆ ಇಷ್ಟುದ್ದ?"

"ಅವರದು ಮರ್ಯಾದೆ ಸ್ವಲ್ಪ ಜಾಸ್ತಿ ಅತ್ತಿಗೆ. ಬರ್ತೀನಿ ಅನ್ನೋಕೆ ಮುಂಚೆ ಅವರ ಆರೋಗ್ಯ ಎಲ್ಲ ಕೇಳ್ಬೇಕು."

"ಓದು, ಕೇಳೋಣ."

ಅವಳು ಓದಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಪಾಪುವಿನ ದನಿ ಬೇರೆಯಾಗಿತ್ತು. ನಮ್ಮ ಕೋಣೆಯಲ್ಲಿ ಅವಳು ಮಾತನ್ನು ಅರ್ಧಕ್ಕೆ ಬಿಡುವವಳು, ಉಳಿದದ್ದನ್ನು ನಾನು ಮುಗಿಸಬೇಕು. ಈ ಭಾಷೆಯಲ್ಲಿ ಅವಳು ಪ್ರತಿ ವಾಕ್ಯವನ್ನೂ ಕೊನೆಯವರೆಗೆ ತಾನೇ ಆಡಿ ಮುಗಿಸಿದಳು. ಹಾಗೆ ಮಾತಾಡುವವಳು ಇಷ್ಟು ವರ್ಷ ನಮ್ಮ ಮನೆಯಲ್ಲೇ ಇದ್ದಳು. ಅವಳು ಕಳಿಸುವ ಗುಂಡಿ ಒತ್ತಿದಳು, ಒತ್ತಿದ ಮೇಲೂ ಬೆರಳು ತೆಗೆಯಲಿಲ್ಲ.

"ಅಣ್ಣನಿಗೆ?" ಎಂದಳು ಆಮೇಲೆ. "ಅಣ್ಣನ್ನ ಕೇಳ್ಬೇಕಲ್ಲ."

"ಕೇಳೋದಲ್ಲ. ಹೇಳೋದು."

ಅವಳು ಆ ಎರಡರ ನಡುವಿನ ದೂರವನ್ನು ಅಳೆಯುವವಳ ಹಾಗೆ ನನ್ನನ್ನು ನೋಡಿದಳು.

ನಮ್ಮವರು ಹೊತ್ತು ಮೀರಿ ಊಟಕ್ಕೆ ಬಂದರು. ಕೈ ತೊಳೆದು ಕೂತರು. ನಾನು ಬಡಿಸಿದೆ. ಪಾಪು ಬಡಿಸಿಕೊಳ್ಳದೆ ತನ್ನ ತಟ್ಟೆಯ ಅಂಚು ಹಿಡಿದುಕೊಂಡು ಕೂತಿದ್ದಳು. ಜಗ್ಗುವ ಮುಂಚೆ ಶೀಟಿನ ಮೂಲೆಯನ್ನು ಅವಳು ಹಿಡಿಯುವುದು ಹಾಗೆಯೇ. ನಾನು ಸಹಾಯಕ್ಕೆ ಹೋಗಬಾರದೆಂದು ತುಟಿ ಕಚ್ಚಿ ಹಿಡಿದೆ. ಜೀವಮಾನದಲ್ಲಿ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಕಡಿಮೆ.

"ಅಣ್ಣ" ಎಂದಳು ಪಾಪು.

"ಹೂಂ."

"ಮುಂದಿನ ತಿಂಗಳು ನಾನು ಇರಲ್ಲ. ಆ ಭಾಷೆ ಕಲಿಯೋಕೆ ಆ ದೇಶಕ್ಕೆ ಹೋಗ್ತಿದೀನಿ. ಒಂದು ತಿಂಗಳು ಬಿಟ್ಟು ಬರ್ತೀನಿ."

ನಮ್ಮವರು ಅಗಿಯುತ್ತಿದ್ದ ತುತ್ತನ್ನು ನುಂಗಿದರು.

"ಓ, ಸರಿ" ಎಂದರು. "ಹೋಗೋ ದಿನ ಮೊದಲೇ ಹೇಳು, ವ್ಯಾನಲ್ಲಿ ಬಿಟ್ಟು ಬರ್ತೀನಿ. ಸ್ವಲ್ಪ ಉಪ್ಪು ಈ ಕಡೆ ತಳ್ಳು."

ಪಾಪು ಉಪ್ಪನ್ನು ತಳ್ಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಕಣ್ಣು ಇಷ್ಟಗಲ ಆಗಿತ್ತು.

"ಇಷ್ಟೇನಾ ಅತ್ತಿಗೆ?"

"ಇಷ್ಟೇ."

"ಇಷ್ಟೇನಾ?" ಎಂದು ಇನ್ನೊಮ್ಮೆ ಕೇಳಿದಳು, ಈ ಸಲ ನನ್ನನ್ನಲ್ಲ. ಸಮುದ್ರ, ಸೈಕಲ್ಲು, ಟೀಚರ್ ಟ್ರೈನಿಂಗು, ಎಲ್ಲವನ್ನೂ ಸೇರಿಸಿ ಕೇಳಿದ ಹಾಗಿತ್ತು. ತಟ್ಟೆಯನ್ನು ಬದಿಗೆ ಸರಿಸಿ, ಮೇಜಿನ ಮೇಲೆ ಹಣೆಯಿಟ್ಟು ನಗತೊಡಗಿದಳು. ಭುಜ ಕುಲುಕುತ್ತಿತ್ತು. ನಗುವೋ ಅಳುವೋ ಅವಳಿಗೇ ತಿಳಿದಿರಲಿಕ್ಕಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ. ನನ್ನ ಕಣ್ಣಿನಲ್ಲೂ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಅನಿಸಲಿಲ್ಲ.

ನಮ್ಮವರು ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ನಾನೀಗ ಏನಂದೆ?" ಎಂದರು.

"ಏನೂ ಅನ್ಲಿಲ್ಲ" ಎಂದೆ. "ಊಟ ಮಾಡಿ."